ಒಂದು ಕಾಲು ಗಿಡ್ಡ, ಮಂಡಿ ನೋವು ಬೇರೆ: ಓಡಬಹುದಾ? ಉತ್ತರ ಸಿಗೋದು ಮಾರನೇ ದಿನ ಬೆಳಗ್ಗೆ!

ಹಾಸನ: ಪಿ.ಟಿ. ಪೀರಿಯಡ್ ಬಂತು ಅಂದ್ರೆ ಇಡೀ ಕ್ಲಾಸು ಮೈದಾನಕ್ಕೆ ಓಡುತ್ತೆ. ಒಬ್ಬ ಹುಡುಗ ಮಾತ್ರ ಮರದ ಕೆಳಗೆ ಕೂರುತ್ತಾನೆ. ಎಲ್ಲರ ಬ್ಯಾಗು, ವಾಚು, ವಾಟರ್ ಬಾಟಲ್ ಕಾಯೋದು ಅವನ ಕೆಲಸ. ಯಾಕೆ ಅಂದ್ರೆ ಅವನ ಒಂದು ಕಾಲು ಗಿಡ್ಡ. ಅಥವಾ ಪಾದ ತಿರುಚಿದೆ. ಅಥವಾ ಯಾವಾಗಲೂ ಮಂಡಿ ನೋವು. ನೀವು ಓದಿದ ಶಾಲೆಯಲ್ಲೂ ಇಂಥವನೊಬ್ಬ ಇದ್ದಿರಬಹುದು, ಒಮ್ಮೆ ನೆನಪು ಮಾಡಿಕೊಳ್ಳಿ.

ಅದೇ ಹುಡುಗ ಮೂವತ್ತೈದು ದಾಟಿದ ಮೇಲೆ ಒಂದು ದಿನ ಬೆಳಗ್ಗೆ ಶೂ ಕಟ್ಟಿಕೊಂಡು ಕ್ರೀಡಾಂಗಣಕ್ಕೆ ಬಂದ ಅಂತಿಟ್ಟುಕೊಳ್ಳಿ. ನೋಡಿದವರ ಬಾಯಲ್ಲಿ ಎರಡೇ ಮಾತು. ಒಂದು, "ಪಾಪ, ಇವನಿಗೆ ಯಾಕಪ್ಪಾ ಬೇಕಿತ್ತು, ಇರೋ ಕಾಲೂ ಹಾಳಾಗುತ್ತೆ." ಇನ್ನೊಂದು, "ಭೇಷ್! ಮನಸ್ಸಿದ್ರೆ ಮಾರ್ಗ. ನೋವು ಗೀವು ಎಲ್ಲ ಮನಸ್ಸಿಂದು, ಬಿಡಬೇಡ ಓಡು."

ಎರಡೂ ಒಳ್ಳೆ ಮನಸ್ಸಿನಿಂದ ಬಂದ ಮಾತೇ. ಆದರೆ ಅವನಿಗೆ ಬೇಕಾದ ಉತ್ತರ ಎರಡರಲ್ಲೂ ಇಲ್ಲ. ಮೊದಲ ಮಾತು ಕೇಳಿದರೆ ಮತ್ತೆ ಮರದ ಕೆಳಗೆ ಕೂರಬೇಕು. ಎರಡನೇ ಮಾತು ಕೇಳಿದರೆ ಮೂರು ತಿಂಗಳಲ್ಲಿ ಆಸ್ಪತ್ರೆ ಬೆಂಚಿನ ಮೇಲೆ ಕೂರಬೇಕಾಗಬಹುದು. ಅವನಿಗೆ ಬೇಕಿರೋದು ಇಷ್ಟೇ: ಯಾವ ನೋವು ಇಟ್ಟುಕೊಂಡು ಓಡಬಹುದು, ಯಾವ ನೋವು ಬಂದ್ರೆ ನಿಲ್ಲಿಸಬೇಕು, ಅದನ್ನ ತಿಳಿಯೋದು ಹೇಗೆ? ಇಲ್ಲಿದೆ ವಿವರ.

'ಮಂಡಿ ಸವೆದಿದೆ' ಅಂದರೆ ಏನು?

ಎಕ್ಸ್‌ರೇ ನೋಡಿ ಡಾಕ್ಟರು "ಮಂಡಿ ಸವೆದಿದೆ" ಅಂದ ಕೂಡಲೇ ನಮ್ಮ ಜನರ ತಲೆಗೆ ಬರೋದು ಬಸ್ಸಿನ ಟೈರು. ಇಷ್ಟು ಕಿಲೋಮೀಟರ್ ಓಡಿದೆ, ಇಷ್ಟು ಸವೆದಿದೆ, ಇನ್ನು ಓಡಿಸಿದರೆ ಪಂಕ್ಚರ್. ಆದ್ದರಿಂದ ಉಳಿದಿರೋದನ್ನ ಉಳಿಸಿಕೊಂಡು ಸುಮ್ನೆ ಕೂತ್ಕೋಬೇಕು ಅನ್ನೋ ಲೆಕ್ಕ.

ಆದರೆ ಮಂಡಿ ಟೈರ್ ಅಲ್ಲ, ಜೀವ ಇರೋ ಅಂಗ. ಎರಡು ಮೂಳೆಗಳ ತುದಿಗೆ ನುಣುಪಾದ ಹೊದಿಕೆ ಇರುತ್ತೆ. ಇದನ್ನ ಮೃದ್ವಸ್ಥಿ ಅಂತಾರೆ, ಆಸ್ಪತ್ರೆ ಭಾಷೆಯಲ್ಲಿ ಕಾರ್ಟಿಲೇಜ್. ಇದಕ್ಕೆ ರಕ್ತನಾಳ ಇಲ್ಲ. ಹಾಗಾದರೆ ಊಟ ಎಲ್ಲಿಂದ? ಕೀಲಿನ ಒಳಗೆ ಎಣ್ಣೆಯಂಥ ಒಂದು ದ್ರವ ಇರುತ್ತೆ. ಕಾಲಿನ ಮೇಲೆ ಭಾರ ಬಿದ್ದಾಗ ಮೃದ್ವಸ್ಥಿ ಸ್ಪಂಜಿನ ಹಾಗೆ ಒತ್ತಿಕೊಳ್ಳುತ್ತೆ, ಭಾರ ಹೋದಾಗ ಉಬ್ಬಿ ಆ ದ್ರವ ಹೀರಿಕೊಳ್ಳುತ್ತೆ. ಒತ್ತು, ಬಿಡು, ಒತ್ತು, ಬಿಡು. ಅದೇ ಅದರ ಊಟ. ಅಂದರೆ ಪೂರ್ತಿ ಕೂತುಬಿಟ್ಟರೆ ಮಂಡಿ ಉಳಿಯೋದಿಲ್ಲ, ಉಪವಾಸ ಬೀಳುತ್ತೆ.

ಇನ್ನೊಂದು ವಿಷಯ ಕೇಳಿದರೆ ಆಶ್ಚರ್ಯ ಆಗಬಹುದು. ಮೃದ್ವಸ್ಥಿಗೆ ನರಗಳೂ ಇಲ್ಲ. ಅದಕ್ಕೆ ನೋವೇ ಗೊತ್ತಾಗಲ್ಲ. ನೋವು ಬರೋದು ಅದರ ಕೆಳಗಿನ ಮೂಳೆಯಿಂದ, ಕೀಲನ್ನ ಸುತ್ತಿಕೊಂಡ ಪೊರೆಯಿಂದ, ಅಕ್ಕಪಕ್ಕದ ಸ್ನಾಯು ಮತ್ತು ಅದನ್ನ ಮೂಳೆಗೆ ಕಟ್ಟುವ ನಾರಿನಿಂದ. ಅದಕ್ಕೇ ಎಕ್ಸ್‌ರೇಯಲ್ಲಿ ಮಂಡಿ ಪೂರ್ತಿ ಸವೆದಂತೆ ಕಾಣೋ ಕೆಲವರು ಆರಾಮಾಗಿ ಗದ್ದೆ ಕೆಲಸ ಮಾಡ್ತಿರ್ತಾರೆ, ಎಕ್ಸ್‌ರೇ ಚೆನ್ನಾಗಿರೋ ಕೆಲವರು ಮೆಟ್ಟಿಲು ಹತ್ತೋಕೂ ಒದ್ದಾಡ್ತಾರೆ. ನೋವು ಎಷ್ಟಿದೆಯೋ ಹಾನಿ ಅಷ್ಟೇ ಆಗಿದೆ ಅಂತಲ್ಲ.

ಓಡಿದರೆ ಮಂಡಿ ಹಾಳಾಗುತ್ತಾ?

ಓಡುವಾಗ ಪ್ರತಿ ಹೆಜ್ಜೆಗೆ ಮಂಡಿ ಮೇಲೆ ಬೀಳೋ ಭಾರ ನಡಿಗೆಗಿಂತ ಎರಡು ಮೂರು ಪಟ್ಟು ಹೆಚ್ಚು. ಇದು ನಿಜ. ಆದರೆ ಓಟದಲ್ಲಿ ಹೆಜ್ಜೆ ಉದ್ದ, ಪಾದ ನೆಲ ಮುಟ್ಟಿರೋ ಹೊತ್ತು ಕಡಿಮೆ. ಹಾಗಾಗಿ ಒಂದು ಕಿಲೋಮೀಟರಿಗೆ ಲೆಕ್ಕ ಹಾಕಿದರೆ ನಡೆದವರ ಮಂಡಿಗೂ ಓಡಿದವರ ಮಂಡಿಗೂ ಬಿದ್ದ ಒಟ್ಟು ಭಾರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಅಂತ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತ್ತು.

2017ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ ವರದಿಯ ಅಂಕಿ ಇನ್ನೂ ಸ್ಪಷ್ಟ. ಸೊಂಟ ಅಥವಾ ಮಂಡಿಯ ಸವಕಳಿ ಸಂಧಿವಾತ ಇದ್ದವರು:

* ಹವ್ಯಾಸಕ್ಕೆ ಓಡುವವರಲ್ಲಿ ಶೇ 3.5
* ಓಡದೇ ಇರುವವರಲ್ಲಿ ಶೇ 10.2
* ಸ್ಪರ್ಧೆಗಾಗಿ ವಿಪರೀತ ಓಡುವವರಲ್ಲಿ ಶೇ 13.3

ಕೂತವರಿಗೂ ಕಷ್ಟ, ಮಿತಿ ಮೀರಿದವರಿಗೂ ಕಷ್ಟ. ನಡುವಿನವರು ಆರಾಮ. ಹಾಗಂತ ಓಟವೇ ಮಂಡಿ ಕಾಪಾಡ್ತು ಅಂತ ಈ ಅಂಕಿಯಿಂದ ಹೇಳೋಕೆ ಬರಲ್ಲ. ಮಂಡಿ ಚೆನ್ನಾಗಿರೋರೇ ಓಟ ಮುಂದುವರಿಸಿರಬಹುದು, ತೂಕ ಕಡಿಮೆ ಇದ್ದದ್ದೂ ಕಾರಣ ಇರಬಹುದು.

ಸರಿ, ಈಗಾಗಲೇ ಸವಕಳಿ ಇರೋರ ಕಥೆ? ಅಮೆರಿಕದಲ್ಲಿ 50 ದಾಟಿದ, ಮಂಡಿ ಸವಕಳಿ ಇರುವ 1,203 ಜನರನ್ನ ನಾಲ್ಕು ವರ್ಷ ಗಮನಿಸಿದ ವರದಿ 2018ರಲ್ಲಿ ಬಂತು. ಅವರಲ್ಲಿ 138 ಜನ ಓಡುತ್ತಿದ್ದರು. ಅವರ ಮಂಡಿ ಉಳಿದವರಿಗಿಂತ ಹೆಚ್ಚು ಕೆಡಲಿಲ್ಲ, ನೋವೂ ಜಾಸ್ತಿ ಆಗಲಿಲ್ಲ. ಆದರೆ ಗಮನಿಸಿ, ಯಾರೂ ಅವರನ್ನ ಓಡಿ ಅಂತ ಬಲವಂತ ಮಾಡಿರಲಿಲ್ಲ. ತಮ್ಮ ಮಂಡಿ ಎಷ್ಟು ತಡೆಯುತ್ತೋ ಅಷ್ಟು ಓಡಿದವರು ಅವರು. ಗುಟ್ಟು ಇರೋದೇ ಆ 'ಅಷ್ಟು' ಅನ್ನೋ ಮಾತಲ್ಲಿ.

ನೋವಿಗೆ ಮಾರ್ಕ್ಸ್ ಹಾಕಿ

'ಅಷ್ಟು' ಎಷ್ಟು ಅಂತ ತಿಳಿಯೋಕೆ ಫಿಸಿಯೋಥೆರಪಿಸ್ಟ್‌ಗಳು ಬಳಸೋ ಒಂದು ಸುಲಭ ವಿಧಾನ ಇದೆ. ಯಂತ್ರ ಬೇಡ, ಖರ್ಚಿಲ್ಲ. ಒಂದು ನೋಟ್ ಪುಸ್ತಕ ಸಾಕು.

ನೋವೇ ಇಲ್ಲ ಅಂದ್ರೆ 0. ಇದಕ್ಕಿಂತ ಹೆಚ್ಚು ನೋವು ಇರೋಕೆ ಸಾಧ್ಯವೇ ಇಲ್ಲ ಅಂದ್ರೆ 10. ಮೂರು ಹೊತ್ತು ಮಾರ್ಕ್ಸ್ ಬರೆಯಬೇಕು: ಓಡುವಾಗ, ಓಡಿದ ದಿನ ರಾತ್ರಿ, ಮಾರನೇ ದಿನ ಹಾಸಿಗೆ ಬಿಟ್ಟು ಮೊದಲ ಹೆಜ್ಜೆ ಇಟ್ಟಾಗ.

* 0ರಿಂದ 2: ತೊಂದರೆ ಇಲ್ಲ, ಮುಂದುವರಿಸಿ.
* 3ರಿಂದ 5: ಓಡಬಹುದು, ಆದರೆ ಇವತ್ತು ದೂರ ಹೆಚ್ಚಿಸಬೇಡಿ.
* 5 ದಾಟಿತು: ಅಲ್ಲೇ ನಿಲ್ಲಿಸಿ, ನಡೆದು ಮನೆಗೆ ಬನ್ನಿ.

ಈಗ ಮುಖ್ಯ ವಿಷಯ. ಓಡುವಾಗ 4 ಇದ್ದ ನೋವು ಮಾರನೇ ದಿನ ಬೆಳಗ್ಗೆ ಎಂದಿನ ಮಟ್ಟಕ್ಕೆ ಇಳಿದಿದ್ದರೆ, ನಿನ್ನೆ ಓಡಿದ್ದು ಮಂಡಿಗೆ ಹಿಡಿಸಿದೆ ಅಂತ ಅರ್ಥ. ಇಳಿದಿಲ್ಲ, ಅಥವಾ ಊತ ಬಂದಿದೆ ಅಂದ್ರೆ ನಿನ್ನೆ ಹೆಚ್ಚಾಯಿತು ಅಂತ ಅರ್ಥ. ಓಟ ಬಿಡಬೇಕು ಅಂತಲ್ಲ, ಮುಂದಿನ ಸಲ ಕಡಿಮೆ ಮಾಡಬೇಕು ಅಂತ. ವಾರದಿಂದ ವಾರಕ್ಕೆ ಬೆಳಗಿನ ಮಾರ್ಕ್ಸ್ ಏರುತ್ತಾ ಹೋದರೆ ಮಾತ್ರ ಓಟಕ್ಕೆ ರಜೆ ಹಾಕಿ ಡಾಕ್ಟರ ಹತ್ತಿರ ಹೋಗಬೇಕು.

ಎಷ್ಟೋ ಜನ ಓಡುವಾಗ ನೋವು ಬಂತು ಅಂತ ಹೆದರಿ ಬಿಡ್ತಾರೆ. ಇನ್ನೆಷ್ಟೋ ಜನ ಓಡುವಾಗ ನೋವಿರಲಿಲ್ಲ ಅಂತ ಸಿಕ್ಕಾಪಟ್ಟೆ ಓಡಿ ಮಾರನೇ ದಿನ ಏಳೋಕಾಗದೆ ಒದ್ದಾಡ್ತಾರೆ. ಇಬ್ಬರೂ ತಪ್ಪು ಹೊತ್ತಲ್ಲಿ ಉತ್ತರ ಹುಡುಕಿದವರು.

ಒಂದು ಎಚ್ಚರಿಕೆ: ನೋವಿನ ಮಾತ್ರೆ ನುಂಗಿ ಓಡಬೇಡಿ. ಮಾತ್ರೆ ನುಂಗಿದರೆ ಈ ಮಾರ್ಕ್ಸ್ ಎಲ್ಲ ಸುಳ್ಳಾಗುತ್ತೆ. ಜತೆಗೆ ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ಇಂಥ ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡಬಹುದು.

ಸುಟ್ಟ ಕಾಲಲ್ಲಿ ವಿಶ್ವದಾಖಲೆ

ನೋವಿನ ಕಾಲಲ್ಲಿ ಓಡಿದವರ ಮಾತು ಬಂದಾಗ ನೆನೆಯಬೇಕಾದ ಹೆಸರು ಅಮೆರಿಕದ ಗ್ಲೆನ್ ಕನ್ನಿಂಗ್‌ಹ್ಯಾಮ್. 1917ರಲ್ಲಿ, ಅವನಿಗಿನ್ನೂ 7 ವರ್ಷ. ಕ್ಯಾನ್ಸಸ್ ರಾಜ್ಯದ ಒಂದು ಹಳ್ಳಿ ಶಾಲೆಯಲ್ಲಿ ಒಲೆ ಹಚ್ಚುವಾಗ ಸೀಮೆಎಣ್ಣೆ ಡಬ್ಬದಲ್ಲಿ ಪೆಟ್ರೋಲ್ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಒಲೆ ಸಿಡಿಯಿತು. ಅಣ್ಣ ಫ್ಲಾಯ್ಡ್ ತೀರಿಕೊಂಡ. ಗ್ಲೆನ್‌ನ ಎರಡೂ ಕಾಲು ಸುಟ್ಟು ಮಂಡಿ, ಮೊಣಕಾಲ ಕೆಳಗಿನ ಮಾಂಸವೆಲ್ಲ ಹೋಯಿತು. ಎಡಗಾಲಿನ ಬೆರಳುಗಳೂ ಹೋದವು. ಕಾಲು ಕತ್ತರಿಸಬೇಕು ಅನ್ನೋ ಮಾತು ಬಂದಾಗ ಮನೆಯವರು ಒಪ್ಪಲಿಲ್ಲ.

ಅದೇ ಕಾಲಲ್ಲಿ 1934ರಲ್ಲಿ ಅವನು ಒಂದು ಮೈಲಿ ಓಟವನ್ನ 4 ನಿಮಿಷ 6.8 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಬೆಳ್ಳಿ ಗೆದ್ದ.

ಈ ಕಥೆಯನ್ನ ಸಾಮಾನ್ಯವಾಗಿ 'ಛಲ ಇದ್ದರೆ ಏನು ಬೇಕಾದರೂ ಸಾಧ್ಯ' ಅಂತ ಮುಗಿಸಿಬಿಡ್ತಾರೆ. ಆದರೆ ಕಲಿಯಬೇಕಾದ್ದು ಬೇರೆ ಇದೆ. ಸುಟ್ಟ ಕಾಲಲ್ಲಿ ರಕ್ತ ಸರಿಯಾಗಿ ಹರಿಯುತ್ತಿರಲಿಲ್ಲ. ಹಾಗಾಗಿ ಓಟಕ್ಕೆ ಮುಂಚೆ ಅವನು ಬೇರೆಯವರಿಗಿಂತ ಎಷ್ಟೋ ಹೆಚ್ಚು ಹೊತ್ತು ಕಾಲು ತಿಕ್ಕಿಸಿಕೊಂಡು, ಮೆಲ್ಲಗೆ ಓಡಿ ಮೈ ಬಿಸಿ ಮಾಡಿಕೊಳ್ಳಬೇಕಿತ್ತು. ಮಿಕ್ಕವರಿಗೆ ಹತ್ತು ನಿಮಿಷ ಸಾಕಾದರೆ ಇವನಿಗೆ ಸಾಕಾಗುತ್ತಿರಲಿಲ್ಲ. ನಾಚಿಕೆ ಪಟ್ಟುಕೊಳ್ಳದೆ ಆ ಹೊತ್ತನ್ನ ತೆಗೆದುಕೊಂಡ. ಚಿಕ್ಕವನಿದ್ದಾಗ ನಡೆದರೆ ಕಾಲು ಹೆಚ್ಚು ನೋಯುತ್ತಿತ್ತು, ಓಡಿದರೆ ಅಷ್ಟು ನೋಯುತ್ತಿರಲಿಲ್ಲ ಅಂತಲೂ ಅವನು ಮುಂದೆ ನೆನಪಿಸಿಕೊಂಡಿದ್ದಾನೆ. ತನ್ನ ಕಾಲಿಗೆ ಏನು ಹಿಡಿಸುತ್ತೆ ಅಂತ ಅವನು ಪಕ್ಕದವನನ್ನ ನೋಡಿ ಕಲಿಯಲಿಲ್ಲ, ತನ್ನ ಕಾಲನ್ನೇ ಕೇಳಿ ಕಲಿತ.

ಕೀಲು ನೋವು ಇರೋರಿಗೂ ಇದೇ ಪಾಠ. ಚಳಿಗಾಲದ ಬೆಳಗ್ಗೆ ಹಾಸಿಗೆಯಿಂದ ಎದ್ದು ನೇರ ಓಟಕ್ಕೆ ಇಳಿಯಬೇಡಿ. ಮೊದಲು 10-15 ನಿಮಿಷ ನಡೀರಿ. ಕೀಲು ಬಿಸಿಯಾಗಿ ಸಡಿಲ ಆಗಲಿ.

ಯಾವ ನೋವು ಬಂದ್ರೆ ಓಡಲೇಬಾರದು?

ಎಲ್ಲ ಕೀಲು ನೋವೂ ಸವಕಳಿ ಅಲ್ಲ. ಕೆಳಗಿನ ಲಕ್ಷಣ ಕಂಡರೆ ನೋಟ್ ಪುಸ್ತಕ ಪಕ್ಕಕ್ಕಿಟ್ಟು ಮೊದಲು ಡಾಕ್ಟರಿಗೆ ತೋರಿಸಿ:

* ಕೀಲು ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿ ಇದ್ದರೆ
* ಬೆಳಗ್ಗೆ ಎದ್ದಾಗ ಕೀಲು ಬಿಗಿದು, ಸಡಿಲ ಆಗೋಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿದರೆ
* ಮಂಡಿ ಮಧ್ಯದಲ್ಲೇ ಸಿಕ್ಕಿಕೊಂಡರೆ, ಅಥವಾ ಇದ್ದಕ್ಕಿದ್ದಂತೆ ಕೈಕೊಟ್ಟು ಬೀಳಿಸಿದರೆ
* ಮಲಗಿದ್ದಾಗಲೂ ನೋವು ಎಬ್ಬಿಸಿದರೆ
* ಜ್ವರ ಇದ್ದರೆ, ಕಾರಣ ಇಲ್ಲದೆ ತೂಕ ಇಳಿಯುತ್ತಿದ್ದರೆ

ಬೆಳಗಿನ ಬಿಗಿತ ಹೆಚ್ಚು ಹೊತ್ತು ಇದ್ದರೆ ಅದು ರುಮಟಾಯ್ಡ್ ಸಂಧಿವಾತದಂಥ ಉರಿಯೂತದ ಕಾಯಿಲೆ ಇರಬಹುದು. ಅದಕ್ಕೆ ಔಷಧಿ ಬೇಕು. ತಡ ಮಾಡಿದಷ್ಟೂ ಕೀಲಿಗೆ ನಷ್ಟ. ಔಷಧಿಯಿಂದ ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ವ್ಯಾಯಾಮಕ್ಕೆ ಅಡ್ಡಿ ಇಲ್ಲ, ಡಾಕ್ಟರೇ ಮಾಡಿ ಅಂತಾರೆ.

ಚಿಕೂನ್‌ಗುನ್ಯ ಕೂಡ ಇಲ್ಲೇ ಹೇಳಬೇಕು. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಏಳೂವರೆ ಲಕ್ಷಕ್ಕೂ ಹೆಚ್ಚು, ಕರ್ನಾಟಕದ್ದೇ. ಜ್ವರ ವಾರದಲ್ಲಿ ಹೋಗುತ್ತೆ, ಕೀಲು ನೋವು ಮಾತ್ರ ಕೆಲವರಿಗೆ ತಿಂಗಳು, ವರ್ಷ ಕಾಡುತ್ತೆ. ಊತ ಇರೋವರೆಗೂ ಓಟ ಬೇಡ. ಊತ ಇಳಿದ ಮೇಲೆ ನಡಿಗೆಯಿಂದ ಶುರು ಮಾಡಬೇಕು.

ಸಂತೆಯಲ್ಲಿ, ಬಸ್ ಸ್ಟ್ಯಾಂಡಲ್ಲಿ ಸಿಗೋ 'ಮೂರೇ ದಿನದಲ್ಲಿ ಮಂಡಿ ನೋವು ಮಾಯ' ಪುಡಿಗಳ ಬಗ್ಗೆ ಹುಷಾರು. ಇಂಥ ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದು ಹೊಸದೇನಲ್ಲ. ನೋವು ನಿಜವಾಗಲೂ ಮಾಯ ಆಗುತ್ತೆ, ಆಮೇಲೆ ಮೂಳೆ ಟೊಳ್ಳಾಗುತ್ತೆ, ಸಕ್ಕರೆ ಏರುತ್ತೆ.

ಕಾಲು ಗಿಡ್ಡ ಇದ್ದರೆ: ಶೂ ಮತ್ತು ರಸ್ತೆ ಎರಡೂ ನೋಡಿ

ಎರಡೂ ಕಾಲು ಅಳತೆಗೆ ಸರಿಸಮ ಇರೋರೇ ಕಡಿಮೆ. ಕೆಲವು ಮಿಲಿಮೀಟರ್ ವ್ಯತ್ಯಾಸ ಮೈಗೆ ಲೆಕ್ಕಕ್ಕೇ ಇಲ್ಲ. ವ್ಯತ್ಯಾಸ ಎರಡು ಸೆಂಟಿಮೀಟರ್ ದಾಟಿದರೆ ಸೊಂಟ ಒಂದು ಕಡೆ ವಾಲುತ್ತೆ, ಉದ್ದ ಕಾಲಿನ ಮಂಡಿ ಹೆಚ್ಚು ಮಡಚಬೇಕಾಗುತ್ತೆ, ಗಿಡ್ಡ ಕಾಲಿನ ಪಾದ ತುದಿಗಾಲಲ್ಲಿ ನಿಲ್ಲುತ್ತೆ. ಎಷ್ಟೋ ಸಲ ನೋವು ಬರೋದು ಗಿಡ್ಡ ಕಾಲಿಗಲ್ಲ, 'ಚೆನ್ನಾಗಿರೋ' ಕಾಲಿಗೆ. ಯಾಕೆ ಅಂದ್ರೆ ಇಬ್ಬರ ಕೆಲಸ ಅದೊಂದೇ ಮಾಡ್ತಿರುತ್ತೆ.

ಒಂದು ಕಾಲು ಕಳೆದುಕೊಂಡವರಲ್ಲೂ ಇದೇ ಆಗುತ್ತೆ. 1999ರ ಕಾರ್ಗಿಲ್ ಯುದ್ಧದಲ್ಲಿ ಗಾಯಗೊಂಡು ಬಲಗಾಲು ಕಳೆದುಕೊಂಡ ಮೇಜರ್ ಡಿ.ಪಿ. ಸಿಂಗ್ 2009ರಲ್ಲಿ ದೆಹಲಿ ಹಾಫ್ ಮ್ಯಾರಥಾನ್ ಓಡಿದಾಗ ಅವರ ಹತ್ತಿರ ಇದ್ದದ್ದು ನಡೆಯೋಕೆ ಮಾಡಿದ ಕೃತಕ ಕಾಲು. ಓಟಕ್ಕೆಂದೇ ಮಾಡಿದ ಬ್ಲೇಡ್ ಬಂದದ್ದು ಆಮೇಲೆ. ನಡೆಯೋ ಕಾಲಲ್ಲಿ ಓಡಿದರೆ ಕುಪ್ಪಳಿಸಬೇಕು, ಭಾರವೆಲ್ಲ ಇನ್ನೊಂದು ಕಾಲಿಗೆ. ಸಲಕರಣೆ ಸರಿ ಇದ್ದರೆ ಛಲಕ್ಕೆ ಅರ್ಧ ಕೆಲಸ ಕಡಿಮೆ.

ನಮ್ಮಲ್ಲಿ ಮಾಡಬಹುದಾದ್ದು ಇಷ್ಟು. ವ್ಯತ್ಯಾಸ ಒಂದು ಸೆಂಟಿಮೀಟರ್ ಆಸುಪಾಸು ಇದ್ದರೆ ಶೂ ಒಳಗೆ ಹಿಮ್ಮಡಿ ಪ್ಯಾಡ್ ಇಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಶೂ ಅಡಿಗೇ ಹೆಚ್ಚುವರಿ ಸೋಲ್ ಹಾಕಿಸಬೇಕು. ಆದರೆ ಅಳತೆ ತೆಗೆಯೋದು ಡಾಕ್ಟರ ಅಥವಾ ಫಿಸಿಯೋಥೆರಪಿಸ್ಟ್ ಕೆಲಸ, ಹೊಲಿಯೋದು ಮಾತ್ರ ಶೂ ಅಂಗಡಿಯವರ ಕೆಲಸ. ಪೂರ್ತಿ ವ್ಯತ್ಯಾಸವನ್ನ ಒಂದೇ ಸಲ ತುಂಬಬೇಡಿ. ಇಷ್ಟು ವರ್ಷ ವಾಲಿಕೊಂಡೇ ಒಗ್ಗಿಹೋಗಿರೋ ಸೊಂಟ ಒಂದೇ ದಿನದಲ್ಲಿ ನೆಟ್ಟಗಾಗು ಅಂದ್ರೆ ಬೆನ್ನು ನೋವು ಶುರುವಾಗುತ್ತೆ. ಸ್ವಲ್ಪ ಸ್ವಲ್ಪವೇ ಏರಿಸಬೇಕು.

ಯಾರೂ ಗಮನಿಸದ ಇನ್ನೊಂದು ವಿಷಯ ರಸ್ತೆಯ ಇಳಿಜಾರು. ಮಳೆ ನೀರು ಹರಿದು ಹೋಗಲಿ ಅಂತ ಟಾರ್ ರಸ್ತೆಯನ್ನ ಮಧ್ಯದಲ್ಲಿ ಉಬ್ಬಿಸಿ ಎರಡೂ ಅಂಚಿಗೆ ಇಳಿಸಿರ್ತಾರೆ. ದಿನಾ ರಸ್ತೆಯ ಬಲಗಡೆ ಅಂಚಿನಲ್ಲಿ ಓಡಿದರೆ ಬಲಗಾಲು ಯಾವಾಗಲೂ ತಗ್ಗಿನಲ್ಲಿ. ಬಲಗಾಲೇ ಗಿಡ್ಡ ಇದ್ದರೆ? ಗಿಡ್ಡ ಕಾಲು ಇನ್ನೂ ಗಿಡ್ಡ ಆದ ಹಾಗೆ. ವಾಹನ ಇರೋ ರಸ್ತೆಯಲ್ಲಿ ಕಡೆ ಬದಲಾಯಿಸುತ್ತಾ ಓಡೋದೂ ಅಪಾಯ. ಹಾಗಾಗಿ ಇಂಥವರಿಗೆ ಕ್ರೀಡಾಂಗಣದ ಅಥವಾ ಶಾಲೆಯ ಸಮತಟ್ಟಾದ ಮೈದಾನವೇ ವಾಸಿ. ಅಲ್ಲೂ ಒಂದೇ ದಿಕ್ಕಿಗೆ ಸುತ್ತಿದರೆ ತಿರುವಿನಲ್ಲಿ ಒಂದೇ ಕಾಲಿಗೆ ಭಾರ. ಜನ ಕಡಿಮೆ ಇರೋ ಹೊತ್ತು ನೋಡಿ ಅರ್ಧ ಸುತ್ತು ಎಡಕ್ಕೆ, ಅರ್ಧ ಬಲಕ್ಕೆ ಹಾಕಿ.

ಪೋಲಿಯೊ ಬಂದವರಿಗೆ ನಿಯಮ ಬೇರೆ

ದೇಶದಲ್ಲಿ ವೈಲ್ಡ್ ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಅಂತ ಘೋಷಣೆ ಆಯಿತು. ಪೋಲಿಯೊ ಹೋಯಿತು, ಪೋಲಿಯೊ ಬಂದವರು ಇದ್ದಾರೆ. ಹೆಚ್ಚಿನವರಿಗೆ ಈಗ ಮೂವತ್ತು, ನಲವತ್ತು, ಐವತ್ತು ದಾಟಿದೆ.

ಇವರು ಒಂದು ವಿಷಯ ತಿಳಿದಿರಲೇಬೇಕು. ಪೋಲಿಯೊ ಬಂದು 15ರಿಂದ 40 ವರ್ಷ ಆದ ಮೇಲೆ ಕೆಲವರಿಗೆ ಹೊಸದಾಗಿ ಶಕ್ತಿ ಕುಂದುವುದು, ವಿಪರೀತ ಸುಸ್ತು, ಸ್ನಾಯು ಕೀಲು ನೋವು ಕಾಣಿಸಿಕೊಳ್ಳುತ್ತೆ. ಪೋಲಿಯೊ ನಂತರದ ಲಕ್ಷಣ ಅಂತ ಇದನ್ನ ಕರೀತಾರೆ. ಅಂದು ಉಳಿದುಕೊಂಡ ನರಗಳು ಸತ್ತ ನರಗಳ ಕೆಲಸವನ್ನೂ ಇಷ್ಟು ವರ್ಷ ಮಾಡಿ ದಣಿದಿರೋದೇ ಇದಕ್ಕೆ ಕಾರಣ ಅಂತ ತಜ್ಞರು ನಂಬ್ತಾರೆ.

ಇಂಥವರಿಗೆ 'ದಣಿದಷ್ಟೂ ಗಟ್ಟಿಯಾಗ್ತೀಯ' ಅನ್ನೋ ಮಾತು ಅಪಾಯ. ದಣಿವು ಬರೋಕೆ ಮುಂಚೆಯೇ ನಿಲ್ಲಿಸಬೇಕು. ಓಡಿ ಬಂದ ಮಾರನೇ ದಿನ ನೋವು ಮಾತ್ರ ಅಲ್ಲ, ಸುಸ್ತಿಗೂ ಮಾರ್ಕ್ಸ್ ಹಾಕಬೇಕು. ಮೊದಲು ಹತ್ತುತ್ತಿದ್ದ ಮೆಟ್ಟಿಲು ಈಗ ಹತ್ತೋಕಾಗುತ್ತಿಲ್ಲ ಅಂದ್ರೆ ಓಟ ನಿಲ್ಲಿಸಿ ನರರೋಗ ಅಥವಾ ಮೂಳೆ ತಜ್ಞರನ್ನ ನೋಡಬೇಕು. ಕೆಲವರಿಗೆ ಓಟಕ್ಕಿಂತ ಈಜು, ಸೈಕಲ್ ವಾಸಿ. ಅದು ಸೋಲಲ್ಲ.

ಶುರು ಮಾಡೋದು ಹೇಗೆ?

ಡಾಕ್ಟರು ಅಡ್ಡಿ ಇಲ್ಲ ಅಂದ ಮೇಲೆ:

1. ಮೊದಲ ಕೆಲವು ವಾರ ಬರೀ ನಡಿಗೆ. ನೋವು 3 ದಾಟದೆ 30 ನಿಮಿಷ ಒಂದೇ ಸಮ ನಡೆಯೋಕೆ ಆಗಬೇಕು.

2. ಆಮೇಲೆ ಒಂದು ನಿಮಿಷ ಮೆಲ್ಲನೆ ಓಟ, ಎರಡು ನಿಮಿಷ ನಡಿಗೆ. ಹೀಗೆ ಆರರಿಂದ ಎಂಟು ಸಲ. ಪಕ್ಕದವರ ಜತೆ ಮಾತಾಡೋಕಾಗುವಷ್ಟು ವೇಗ ಸಾಕು.

3. ವಾರಕ್ಕೆ ಮೂರೇ ದಿನ, ದಿನ ಬಿಟ್ಟು ದಿನ. ನಡುವಿನ ದಿನವೇ ಕೀಲು ಉತ್ತರ ಹೇಳೋ ದಿನ.

4. ಓಟ ಇಲ್ಲದ ಎರಡು ದಿನ ಸ್ನಾಯುಗಳಿಗೆ ಕೆಲಸ: ಕೈ ಊರದೆ ಕುರ್ಚಿಯಿಂದ ಏಳೋದು ಕೂರೋದು, ಗೋಡೆ ಹಿಡಿದು ಹಿಮ್ಮಡಿ ಎತ್ತೋದು, ಒಂದು ಮೆಟ್ಟಿಲು ಹತ್ತಿ ಇಳಿಯೋದು. ತೊಡೆಯ ಸ್ನಾಯು ಗಟ್ಟಿ ಇದ್ದಷ್ಟೂ ಮಂಡಿಗೆ ಆರಾಮ.

5. ಹೆಜ್ಜೆ ಚಿಕ್ಕದಾಗಿ, ಬೇಗ ಬೇಗ ಇಡಿ. ನಿಮಿಷಕ್ಕೆ ಇಡೋ ಹೆಜ್ಜೆಗಳನ್ನ ಶೇ 5ರಿಂದ 10ರಷ್ಟು ಹೆಚ್ಚಿಸಿದರೆ ಮಂಡಿ ಮೇಲಿನ ಹೊರೆ ಇಳಿಯುತ್ತೆ ಅಂತ 2011ರ ಅಧ್ಯಯನವೊಂದು ಅಳೆದು ತೋರಿಸಿದೆ.

6. ಒಂದು ಸಲಕ್ಕೆ ಒಂದೇ ಬದಲಾವಣೆ. ಹೊಸ ಶೂ ಹಾಕಿದ ವಾರ ದೂರ ಹೆಚ್ಚಿಸಬೇಡಿ. ಇಲ್ಲದಿದ್ದರೆ ನೋವು ಬಂದಾಗ ಕಾರಣ ಯಾವುದು ಅಂತಲೇ ಗೊತ್ತಾಗಲ್ಲ.

7. ತೂಕ ಜಾಸ್ತಿ ಇದ್ದರೆ ಒಂದು ಲೆಕ್ಕ ನೆನಪಿಡಿ. ಮೈತೂಕ ಒಂದು ಕೆ.ಜಿ. ಇಳಿದರೆ ಮಂಡಿ ಮೇಲೆ ಪ್ರತಿ ಹೆಜ್ಜೆಗೂ ಸುಮಾರು ನಾಲ್ಕು ಕೆ.ಜಿ. ಭಾರ ಇಳಿಯುತ್ತೆ.

ಕ್ಯಾಲಿಪರ್ ಅಥವಾ ಕೃತಕ ಕಾಲು ಹಾಕೋರು ಓಡಿದ ಮೇಲೆ ಪ್ರತಿ ಸಲ ಅದನ್ನ ಬಿಚ್ಚಿ ಚರ್ಮ ನೋಡಿಕೊಳ್ಳಬೇಕು. ಕೆಂಪಾಗಿ ಗುರುತು ಮೂಡಿ ಹೋಗದೆ ಇದ್ದರೆ, ಬೊಬ್ಬೆ ಎದ್ದಿದ್ದರೆ ಗುಣ ಆಗೋವರೆಗೂ ಓಟ ಇಲ್ಲ.

ಸ್ಪರ್ಧೆಯಲ್ಲಿ ಕಾಲಿಗೆ ಅಳತೆ ಇದೆ, ನೋವಿಗೆ ಇಲ್ಲ

2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಸನ ಜಿಲ್ಲೆಯವರೇ ಆದ ಎಚ್.ಎನ್. ಗಿರೀಶ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದದ್ದು ಜಿಲ್ಲೆಗೆ ನೆನಪಿದೆ. ಅವರ ಎಡಗಾಲಿನಲ್ಲಿ ನ್ಯೂನತೆ ಇತ್ತು. ಅವರು ಸ್ಪರ್ಧಿಸಿದ ವರ್ಗದ ಹೆಸರು ಎಫ್42. ಈ ಅಕ್ಷರ, ಅಂಕಿಗಳ ಅರ್ಥ ಏನು ಅಂತ ಪೋಷಕರು ತಿಳಿದಿದ್ದರೆ ಒಳ್ಳೇದು.

ಒಂದೇ ಥರದ ಮಿತಿ ಇರೋರ ನಡುವೆ ಸ್ಪರ್ಧೆ ಆಗಲಿ ಅಂತ ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ ವರ್ಗ ಮಾಡ್ತಾರೆ. ಓಟಕ್ಕೆ ಟಿ ಅಕ್ಷರ. 11ರಿಂದ 13 ದೃಷ್ಟಿ ಸಮಸ್ಯೆ ಇರೋರು. 30ರ ಸಾಲು ಸೆರೆಬ್ರಲ್ ಪಾಲ್ಸಿಯಂತೆ ಚಲನೆಯ ಹೊಂದಾಣಿಕೆ ತಪ್ಪಿದವರು. 42ರಿಂದ 44 ಕಾಲಿನ ನ್ಯೂನತೆ ಇದ್ದು ಕೃತಕ ಕಾಲು ಇಲ್ಲದೆ ಓಡೋರು. 61ರಿಂದ 64 ಕೃತಕ ಕಾಲು ಹಾಕಿ ಓಡೋರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಉತ್ತರ ಪ್ರದೇಶದ ಪ್ರೀತಿ ಪಾಲ್ ಟಿ35 ವರ್ಗದಲ್ಲಿ 100 ಮೀಟರ್‌ಗೆ 14.21 ಸೆಕೆಂಡು, 200 ಮೀಟರ್‌ಗೆ 30.01 ಸೆಕೆಂಡು ತೆಗೆದುಕೊಂಡು ಎರಡು ಕಂಚು ಗೆದ್ದರು. ಚಿಕ್ಕಂದಿನಲ್ಲಿ ಎಂಟು ವರ್ಷ ಕ್ಯಾಲಿಪರ್ ಹಾಕಿ ನಡೆದವರು ಅವರು.

ಆದರೆ ಇಲ್ಲಿ ಒಂದು ಕಹಿ ಸತ್ಯ ಇದೆ. ಕಾಲಿನ ಉದ್ದದ ವ್ಯತ್ಯಾಸದ ಮೇಲೆ ಪ್ಯಾರಾ ಓಟಕ್ಕೆ ಸೇರಬೇಕಾದರೆ ವ್ಯತ್ಯಾಸ ಕನಿಷ್ಠ 7 ಸೆಂಟಿಮೀಟರ್ ಇರಬೇಕು. 4 ಸೆಂಟಿಮೀಟರ್ ಇದ್ದವನಿಗೆ ಅಲ್ಲಿ ಜಾಗ ಇಲ್ಲ, ಸಾಮಾನ್ಯ ಓಟದಲ್ಲಿ ಅವನು ಹಿಂದೆ ಬೀಳ್ತಾನೆ. ಇನ್ನು ನೋವು? ನೋವು ಒಂದೇ ಕಾರಣ ಇಟ್ಟುಕೊಂಡು ಯಾವ ವರ್ಗಕ್ಕೂ ಸೇರೋಕಾಗಲ್ಲ. ಕಾಲಿನ ಉದ್ದಕ್ಕೆ ಟೇಪು ಹಿಡಿಯಬಹುದು, ಸ್ನಾಯು ಶಕ್ತಿ ಅಳೆಯಬಹುದು, ನೋವನ್ನ ಹೊರಗಿಂದ ಅಳೆಯೋಕೆ ಆಗಲ್ಲ. ಅದಕ್ಕೇ ನಿಯಮ ಅದನ್ನ ಹೊರಗಿಟ್ಟಿದೆ.

ಹಾಗಾಗಿ ಕಣ್ಣಿಗೆ ಕಾಣದ ನೋವು ಇಟ್ಟುಕೊಂಡು ಓಡೋರಿಗೆ ಪದಕವೂ ಇಲ್ಲ, ವರ್ಗವೂ ಇಲ್ಲ. ಅವರ ಲೆಕ್ಕ ಇರೋದು ಅವರ ನೋಟ್ ಪುಸ್ತಕದಲ್ಲಿ ಮಾತ್ರ.

ಎಲ್ಲಿ ವಿಚಾರಿಸಬೇಕು?

ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗ. ಅಲ್ಲಿ ಬರೀ ಮಾತ್ರೆ ಚೀಟಿ ತೆಗೆದುಕೊಂಡು ಬರಬೇಡಿ, ಫಿಸಿಯೋಥೆರಪಿಗೆ ಬರೆದುಕೊಡಿ ಅಂತ ಬಾಯಿಬಿಟ್ಟು ಕೇಳಿ. ಕ್ಯಾಲಿಪರ್, ಕೃತಕ ಕಾಲು, ವಿಶೇಷ ಶೂ ಮತ್ತು ಯುಡಿಐಡಿ ಕಾರ್ಡ್ ಬಗ್ಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ (ವಿಆರ್‌ಡಬ್ಲ್ಯು), ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು ಅವರನ್ನ, ಜಿಲ್ಲಾ ಮಟ್ಟದಲ್ಲಿ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯನ್ನ ಕೇಳಬಹುದು. ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಬೇಕು.

ಕೊನೆಗೆ ಶಾಲೆಗಳ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ವಿಕಲಚೇತನ ಮಕ್ಕಳಿಗೆ ಆಟೋಟದ ಅವಕಾಶವನ್ನೂ ಉಳಿದವರಿಗೆ ಸಮನಾಗಿ ಕೊಡಬೇಕು. ಸಮನಾಗಿ ಅಂದ್ರೆ ಎಲ್ಲರ ಜತೆ 100 ಮೀಟರ್ ಓಡಿಸಿ ಕೊನೆಯವನಾಗಿ ನಿಲ್ಲಿಸೋದಲ್ಲ. ಆ ಮಗು ಹೋದ ವಾರ ಎಷ್ಟು ಸುತ್ತು ಹಾಕಿತ್ತು, ಈ ವಾರ ಎಷ್ಟು ಹಾಕ್ತು, ಮಾರನೇ ದಿನ ಕಾಲು ಹೇಗಿತ್ತು ಅಂತ ಪಿ.ಟಿ. ಮೇಷ್ಟ್ರು ಬರೆದಿಟ್ಟುಕೊಂಡರೆ ಸಾಕು. ಎದ್ದು ಒಂದು ಸುತ್ತು ನಡೆಯೋಕೆ ಬಿಟ್ಟರೂ ಶುರುವಾದಂತೆಯೇ.

ಬ್ಯಾಗುಗಳನ್ನ ಯಾರೂ ಕಾಯಬೇಕಿಲ್ಲ. ಕ್ಲಾಸ್‌ರೂಮಿಗೆ ಬೀಗ ಹಾಕಿದರೆ ಆಯಿತು.